ಖಾಲಿ ಸೈಟಿನಲ್ಲಿ ಹೊಸೆದ ಹಗ್ಗ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಖಾಲಿ ಸೈಟ್ ಇದೆ. 40×60ರದ್ದು. ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥದ್ದು ಒಂದಾದರೂ ಕಣ್ಣಿಗೆ ಬೀಳುತ್ತದೆ. ಮಾಲೀಕರು ದೂರದ ಊರಲ್ಲಿರುತ್ತಾರೆ. ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿರುತ್ತದೆ. ಯಾರದೋ ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ. ಕತ್ತಲಾದ ಮೇಲೆ ಯಾರೋ ಬಂದು ಕಸದ ಚೀಲ ಎಸೆದು ಹೋಗುತ್ತಾರೆ. ನಮ್ಮ ಊರು 2015ರಲ್ಲೂ 2016ರಲ್ಲೂ ದೇಶದ ಅತಿ ಸ್ವಚ್ಛ ನಗರ ಅನ್ನಿಸಿಕೊಂಡಿತ್ತು. ಆ ಹೆಮ್ಮೆ ನಮಗೆಲ್ಲ ಇನ್ನೂ ಇದೆ. ಆದರೂ ಆ ಸೈಟ್ ದಾಟುವಾಗ ಮಾತ್ರ ಎಲ್ಲರೂ ಮುಖ ಆಚೆ ತಿರುಗಿಸಿಕೊಂಡೇ ನಡೆಯುತ್ತಿದ್ದೆವು.

ಅಲ್ಲೊಂದು ತೋಟ ಮಾಡೋಣ ಅಂತ ಬೀದಿಯ ಆರೇಳು ಮನೆಯವರು ಸೇರಿ ಮಾತಾಡಿಕೊಂಡೆವು. ಮಾಲೀಕರಿಗೆ ಫೋನ್ ಮಾಡಿದಾಗ ಸಂತೋಷದಿಂದಲೇ ಒಪ್ಪಿದರು. ಒಂದೇ ಷರತ್ತು: ಕೇಳಿದ ದಿನ ಬಿಟ್ಟುಕೊಡಬೇಕು. ಹಾಗಾಗಿ ಮಾವು, ಹಲಸು ಅಂತ ನಾವು ಆಸೆ ಇಟ್ಟುಕೊಳ್ಳಲಿಲ್ಲ. ಸೊಪ್ಪು, ತರಕಾರಿ, ಬಳ್ಳಿ ಸಾಕು ಅಂದುಕೊಂಡೆವು.

ಮೊದಲ ಸಲ ತೋಟ ಕೈಕೊಟ್ಟಿತು. ಒಂದು ಲೋಡ್ ಕೆಮ್ಮಣ್ಣು ಹೊಡೆಸಿದೆವು. ಅಂಗಡಿಯಿಂದ ಬಣ್ಣಬಣ್ಣದ ಪೊಟ್ಟಣದ ಬೀಜ ತಂದು ಟೊಮ್ಯಾಟೊ, ಬದನೆ, ಬೀನ್ಸ್ ಹಾಕಿದೆವು. ಮೊದಲ ತಿಂಗಳು ದಿನಾ ಸಂಜೆ ಹತ್ತು ಜನ. ಆಮೇಲೆ ಐದು. ಏಪ್ರಿಲ್ ಬಿಸಿಲು ಬಂದಾಗ ನಾನೂ ಇನ್ನೊಬ್ಬರೂ ಎರಡು ಬಕೆಟ್ ಹಿಡಿದು ನಿಂತಿದ್ದೆವು, ಅಷ್ಟೇ. ಕೆಮ್ಮಣ್ಣಿನ ಕೆಳಗೆ ಇದ್ದದ್ದು ಬರೀ ಗಾರೆ. ನೀರು ಹಾಕಿದರೆ ಮೇಲೇ ನಿಲ್ಲುತ್ತಿತ್ತು, ಮಾರನೇ ದಿನ ಹೆಂಚಿನ ಹಾಗೆ ಗಟ್ಟಿಯಾಗುತ್ತಿತ್ತು. ಗಿಡಗಳು ಹಳದಿಯಾಗಿ ನಿಂತವು.

ನಮ್ಮ ಬೀದಿಯಲ್ಲಿ ಕೃಷಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಅವರು ಒಂದು ಬೆಳಿಗ್ಗೆ ಬಂದು, ಕೋಲಿನಿಂದ ಮಣ್ಣು ಕೆದಕಿ ನೋಡಿ, "ಒಂದು ವರ್ಷ ತಿನ್ನೋ ಆಸೆ ಬಿಡಿ. ಮೊದಲು ಮಣ್ಣಿಗೆ ಊಟ ಹಾಕಿ" ಅಂದರು. ರೈತ ಸಂಪರ್ಕ ಕೇಂದ್ರದಿಂದ ಅಪ್ಸೆಣಬಿನ ಬೀಜ ತರಿಸಿದರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ವಾ, ಆ ವರ್ಷ ಭರಣಿ ಚೆನ್ನಾಗಿಯೇ ಬಂತು. ಮಳೆ ಬಿದ್ದ ಮಾರನೇ ದಿನ ಬೀಜ ಎರಚಿದೆವು.

ಅಪ್ಸೆಣಬು ನೋಡದವರಿಗೆ ಎರಡು ಮಾತು ಹೇಳಬೇಕು. ಅದು ದ್ವಿದಳ ಜಾತಿಯ ಗಿಡ, ಹುರುಳಿ, ಅವರೆಯ ನೆಂಟ. ಸುಮಾರು ನಲವತ್ತೈದು ದಿನಕ್ಕೆ ಹೂ ಬರುತ್ತದೆ. ಹೂ ಬಂದ ಹೊತ್ತಿಗೆ ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಿದರೆ ಅದೇ ಹಸಿರೆಲೆ ಗೊಬ್ಬರ. ತಿಂಗಳಾದ ಮೇಲೆ ಹಿರಿಯರು ಒಂದು ಗಿಡ ಮೆಲ್ಲಗೆ ಕಿತ್ತು, ಬೇರು ತೊಳೆದು ನಮಗೆ ತೋರಿಸಿದರು. ಬೇರಿನ ತುಂಬ ಸಾಸಿವೆ, ರಾಗಿ ಕಾಳಿನಷ್ಟು ಗಂಟುಗಳು. ಒಂದನ್ನು ಉಗುರಿನಿಂದ ಚಿವುಟಿದರು. ಒಳಗೆ ನಸುಗೆಂಪು. "ಈ ಬಣ್ಣ ಇದ್ದರೆ ಗಂಟು ಕೆಲಸ ಮಾಡ್ತಿದೆ ಅಂತ ಅರ್ಥ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡ್ತಿದೆ" ಅಂದರು. ಪಾರ್ಥೇನಿಯಂ ಬಿಟ್ಟರೆ ಏನೂ ಬೆಳೆಯದ ಜಾಗ ಅದು. ಆ ಸಣ್ಣ ಗುಲಾಬಿ ಚುಕ್ಕೆ ನೋಡಿ ನನಗೆ ಗಂಟಲು ತುಂಬಿ ಬಂತು.

ಆಷಾಢ ಬರುವ ಹೊತ್ತಿಗೆ ಸೈಟ್ ತುಂಬ ಹಳದಿ ಹೂ. ದೊಡ್ಡ ಕಪ್ಪು ದುಂಬಿಗಳು ಬೆಳಿಗ್ಗೆಯಿಂದ ಗುಂಯ್‌ಗುಡುತ್ತಿದ್ದವು. ಒಂದು ಭಾನುವಾರ ಕುಡುಗೋಲು ಹಿಡಿದು ಕತ್ತರಿಸೋಕೆ ಶುರು ಮಾಡಿದೆವು. ಪಕ್ಕದಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಅಲ್ಲಿನ ವಾಚ್‌ಮನ್ ಸಂಸಾರ ಶೀಟ್ ಹಾಕಿದ ಒಂದು ಶೆಡ್‌ನಲ್ಲಿತ್ತು. ವಾಚ್‌ಮನ್ ಹೆಂಡತಿ ಗೋಡೆಯ ಆಚೆ ನಿಂತು ನೋಡುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು. ಹನೂರಿನ ಕಡೆಯವರು. ಒಂದು ವರ್ಷದಿಂದ ದಿನಾ ಎದುರು ಸಿಕ್ಕರೂ ನಾನು ಅವರ ಹತ್ತಿರ ಆಡಿದ್ದು "ನೀರು ಬಂತಾ?" ಅನ್ನುವಷ್ಟೇ.

"ಅಯ್ಯೋ, ಎಲ್ಲಾನೂ ಮಣ್ಗಾಕ್ಬುಡ್ತೀರಾ ಅಮ್ಮೋರೆ?" ಅಂದರು. "ಅದ್ರಲ್ಲಿ ನಾರು ಬತ್ತದಲ್ಲ."

ನಾವು ಕುಡುಗೋಲು ಕೆಳಗಿಟ್ಟೆವು. ಅವರ ಅಪ್ಪ ದನದ ಹಗ್ಗ, ನೊಗದ ಕಣ್ಣಿ ಎಲ್ಲ ಇದೇ ನಾರಿನಲ್ಲಿ ಹೊಸೆಯುತ್ತಿದ್ದರಂತೆ. ನಾರು ಗಟ್ಟಿ ಬರಬೇಕಾದರೆ ಕಾಯಿ ಕಚ್ಚೋವರೆಗೂ ಗಿಡ ಬಿಡಬೇಕು ಅಂದರು. ಹಾಗಾಗಿ ಬೇಲಿಯ ಪಕ್ಕ ಎರಡಡಿ ಅಗಲದ ಒಂದು ಪಟ್ಟೆ ಮಾತ್ರ ಬಿಟ್ಟು ಉಳಿದದ್ದೆಲ್ಲ ಮಣ್ಣಿಗೆ ಸೇರಿಸಿದೆವು. ಆ ಎರಡಡಿ ಪಟ್ಟೆಯಿಂದಲೇ ನಮ್ಮ ತೋಟದ ಕಥೆ ಬೇರೆಯಾಯಿತು.

ಅದಕ್ಕೂ ಮೊದಲು ನಾವೊಂದು ಕಾರ್ಯಾಗಾರ ಮಾಡಿದ್ದೆವು ಅನ್ನೋದನ್ನು ಹೇಳಬೇಕು. ಜನ ತೋಟಕ್ಕೆ ಬರುತ್ತಿಲ್ಲ, ಏನಾದರೂ ಆಕರ್ಷಣೆ ಬೇಕು ಅಂತ ಹೊರಗಿನಿಂದ ಒಬ್ಬ ತರಬೇತುದಾರರನ್ನು ಕರೆಸಿದ್ದೆವು. 'ಪ್ರಕೃತಿ ಕರಕುಶಲ' ಅಂತ ಹೆಸರು. ತಲೆಗೆ 600 ರೂಪಾಯಿ. ಎಲ್ಲರಿಗೂ ಒಂದೊಂದು ಕಿಟ್ ಕೊಟ್ಟರು. ಅದರಲ್ಲಿ ಪ್ಲಾಸ್ಟಿಕ್ ಹುಲ್ಲು, ಪೈನ್ ಮರದ ಕಾಯಿ, ಬಣ್ಣ ಹಾಕಿದ ಪಾಚಿ, ಬಿಸಿ ಗೋಂದಿನ ಗನ್ನು. ಎರಡು ಗಂಟೆಯಲ್ಲಿ ಎಲ್ಲರೂ ಒಂದೇ ಥರದ ಗೋಡೆ ಅಲಂಕಾರ ಮಾಡಿ, ಫೋಟೊ ತೆಗೆಸಿಕೊಂಡು ಮನೆಗೆ ಹೋದರು. ಅವರು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದರು. ಆದರೆ ಅಲ್ಲಿದ್ದ ಒಂದು ಸಾಮಾನೂ ನಮ್ಮ ಮಣ್ಣಿನದಾಗಿರಲಿಲ್ಲ. ಮಾರನೇ ಭಾನುವಾರ ತೋಟಕ್ಕೆ ಒಬ್ಬರೂ ಹೊಸಬರು ಬರಲಿಲ್ಲ.

ಅಪ್ಸೆಣಬಿನ ಪಟ್ಟೆ ಕಾಯಿ ಕಟ್ಟಿತು. ಕಾಯಿ ಒಣಗಿದ ಮೇಲೆ ಅಲುಗಿಸಿದರೆ ಮಕ್ಕಳ ಗಿಲಕಿಯ ಹಾಗೆ ಒಳಗೆ ಬೀಜ ಸದ್ದು ಮಾಡುತ್ತದೆ. ಬೀಜಕ್ಕೆ ಒಂದಿಷ್ಟು ಗಿಡ ಬಿಟ್ಟು, ಉಳಿದದ್ದನ್ನು ಕಂತೆ ಕಟ್ಟಿ ಹಳೇ ಡ್ರಮ್ಮಿನ ನೀರಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದೆವು. ಮೂರನೇ ದಿನಕ್ಕೆ ವಾಸನೆ ಶುರುವಾಯಿತು. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರು. ಆರನೇ ದಿನ ವಾಚ್‌ಮನ್ ಹೆಂಡತಿ ಬಂದು ಒಂದು ಕಡ್ಡಿ ಎಳೆದು, ಬುಡದಲ್ಲಿ ಮುರಿದು, ಎರಡು ಬೆರಳಲ್ಲಿ ಸರ್ರಂತ ಎಳೆದರು. ತೊಗಟೆ ಉದ್ದಕ್ಕೆ ರಿಬ್ಬನ್ನಿನ ಹಾಗೆ ಬಿಟ್ಟುಕೊಂಡು ಬಂತು. "ಆಯ್ತು. ಇನ್ನೊಂದಿನ ಬುಟ್ರೆ ನಾರೇ ಕೊಳ್ತೋಯ್ತದೆ" ಅಂದರು. ತೊಳೆದು ಕಾಂಪೌಂಡ್ ಗೋಡೆಯ ಮೇಲೆ ಒಣಗಿಸಿದಾಗ ನಸು ಬಂಗಾರದ ಬಣ್ಣ, ಕೂದಲಿನಷ್ಟು ನಯ.

"ಈ ಭಾನುವಾರ ಎಲ್ಲರಿಗೂ ಹಗ್ಗ ಹೊಸೆಯೋದು ಹೇಳಿಕೊಡ್ತೀರಾ?" ಅಂತ ಕೇಳಿದೆ. ಅವರು ಗಾಬರಿಯಾದರು. "ನಂಗೇನ್ ಬತ್ತದೆ ಅಮ್ಮೋರೆ? ನಾನೇನ್ ಓದಿದ್ದೀನಾ?"

ಈ ಮಾತು ಇವತ್ತಿಗೂ ನನ್ನನ್ನು ಕಾಡುತ್ತದೆ. ಬೀಜ ಹಾಕೋ ಹೊತ್ತು, ನಾರು ಬಿಡುವ ದಿನ, ಮೋಡ ನೋಡಿ ಮಳೆ ಹೇಳೋದು, ಎಲ್ಲ ಗೊತ್ತಿರುವ ಹೆಂಗಸು. ನನಗೇನೂ ಬರಲ್ಲ ಅನ್ನುತ್ತಾರೆ. ಅವರಿಗೆ ಹಾಗೆ ಅನ್ನಿಸುವ ಹಾಗೆ ಮಾಡಿದವರಲ್ಲಿ ನಾನೂ ಇದ್ದೇನೆ. ನಮ್ಮ ಬಡಾವಣೆಯಲ್ಲಿ ಕೈಗೆ ಕೆಲಸ ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಪಾತ್ರೆ ತೊಳೆಯೋಕೆ, ಗೇಟ್ ಕಾಯೋಕೆ, ಸೆಂಟ್ರಿಂಗ್ ಕಟ್ಟೋಕೆ ಬಂದವರು. ಅವರನ್ನು ಬೇರೆ ಏನನ್ನೂ ನಾವು ಕೇಳಿರಲಿಲ್ಲ. ಕಿಟ್ ತರಿಸೋಕೆ 600 ರೂಪಾಯಿ ಕೊಡುವ ಮೊದಲು ನಾನು ಗೋಡೆಯಾಚೆ ಒಂದು ಮಾತು ಕೇಳಬಹುದಿತ್ತು.

ಕೊನೆಗೆ ಒಪ್ಪಿದರು. ಆ ಭಾನುವಾರ ಹದಿನಾಲ್ಕು ಜನ ಬಂದಿದ್ದರು. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದು ಜೋಡಿಸಿದ್ದರು. ಅವರು ಬಂದವರೇ ನೆಲದ ಮೇಲೆ ಕೂತುಬಿಟ್ಟರು. ಒಂದು ಕ್ಷಣ ಎಲ್ಲರಿಗೂ ಮುಜುಗರ. ಕೃಷಿ ಇಲಾಖೆಯ ಹಿರಿಯರು ಮೊದಲು ಎದ್ದರು. ಮಂಡಿ ನೋವಿದ್ದರೂ ಕೆಳಗೆ ಚಾಪೆ ಹಾಸಿಕೊಂಡು ಅವರ ಎದುರು ಕೂತರು. ಆಮೇಲೆ ಕುರ್ಚಿಗಳನ್ನು ಯಾರೂ ಮುಟ್ಟಲಿಲ್ಲ.

ಹಗ್ಗ ಹೊಸೆಯೋದು ಹೇಗೆ ಅಂತ ನಾನು ಅಂದು ಕಂಡದ್ದನ್ನು ಹೇಳುತ್ತೇನೆ. ನಾರಿನ ಎರಡು ಎಳೆ ತೊಡೆಯ ಮೇಲೆ ಪಕ್ಕಪಕ್ಕ ಇಟ್ಟುಕೊಳ್ಳಬೇಕು. ಅಂಗೈಗೆ ಸ್ವಲ್ಪ ನೀರು ಹಚ್ಚಿ, ಎರಡನ್ನೂ ಒಟ್ಟಿಗೆ ಮುಂದಕ್ಕೆ ಉಜ್ಜಬೇಕು. ಎರಡೂ ಎಳೆ ಒಂದೇ ಕಡೆಗೆ ಹುರಿ ಏರುತ್ತವೆ. ಈಗ ಎರಡನ್ನೂ ಸೇರಿಸಿ ಕೈ ಹಿಂದಕ್ಕೆ ಎಳೆದರೆ, ತಾವಾಗಿಯೇ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಸುತ್ತಿಕೊಳ್ಳುತ್ತವೆ. ಒಂದೊಂದು ಎಳೆಯೂ ಬಿಚ್ಚಿಕೊಳ್ಳೋಕೆ ನೋಡುತ್ತದೆ. ಹಾಗೆ ನೋಡಿದಷ್ಟೂ ಇನ್ನೊಂದನ್ನು ಬಿಗಿಯಾಗಿ ಹಿಡಿಯುತ್ತದೆ. ಗಂಟಿಲ್ಲ, ಗೋಂದಿಲ್ಲ. ಎಳೆ ಮುಗಿಯುವ ಮೊದಲೇ ಹೊಸ ನಾರು ಸೇರಿಸಬೇಕು. ಎರಡು ಎಳೆಗೂ ಒಂದೇ ಜಾಗದಲ್ಲಿ ಸೇರಿಸಬಾರದು, ಅಲ್ಲೇ ಹಗ್ಗ ಕಿತ್ತು ಬರುತ್ತದೆ.

ನನ್ನ ಕೈಯಲ್ಲಿ ಅದು ಗೋಜಲಾಗುತ್ತಲೇ ಇತ್ತು. ಅವರು ನನ್ನ ಪಕ್ಕಕ್ಕೆ ಸರಿದು ಬಂದರು. ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು. ಆ ಅಂಗೈ ಮರದ ತೊಗಟೆಯಷ್ಟು ಒರಟು, ಆದರೆ ಹಿಡಿತ ಎಷ್ಟು ಹಗುರ!

"ಇಂಗಲ್ಲ ಕಣವ್ವ. ಬಿಗಿ ಮಾಡ್ಬ್ಯಾಡ. ಅದು ಎತ್ತ ತಿರಿಕತದೋ ಅತ್ತ ಬುಡು."

ಅಮ್ಮೋರೆ ಹೋಗಿ ಕಣವ್ವ ಬಂದದ್ದು ಅವರಿಗೂ ಗೊತ್ತಾಗಲಿಲ್ಲ. ಅಂದಿನಿಂದ ನಾನೂ ಅವರನ್ನು ಅವ್ವ ಅಂತಲೇ ಕರೆದೆ.

ಮುಂದಿನ ವಾರ ಇಪ್ಪತ್ತು ಜನ. ಬಂದವರೆಲ್ಲ ತೋಟದ ಒಂದಲ್ಲ ಒಂದು ಕೆಲಸಕ್ಕೆ ಕೈ ಹಚ್ಚಿದರು, ಯಾಕೆಂದರೆ ಹೊಸೆಯೋಕೆ ನಾರು ಬೇಕಾದರೆ ಗಿಡ ಬೇಕು, ಗಿಡಕ್ಕೆ ನೀರು ಬೇಕು. ತರಕಾರಿ ಕೊಯ್ಲಿಗೆ ಎರಡು ತಿಂಗಳು ಕಾಯಬೇಕು. ಅಷ್ಟು ದಿನ ಸುಮ್ನೆ ನೀರು ಹಾಕುತ್ತಾ ಇರೋಕೆ ಎಲ್ಲರಿಂದಲೂ ಆಗಲ್ಲ. ಕೈಗೊಂದು ಕೆಲಸ ಇದ್ದರೆ, ಪಕ್ಕದಲ್ಲಿ ಮಾತಾಡೋಕೆ ಒಬ್ಬರಿದ್ದರೆ, ಜನ ಬರುತ್ತಾರೆ. ನಮ್ಮ ಮೊದಲ ತೋಟ ಬಾಡಿದ್ದು ನೀರಿಲ್ಲದೆ ಅಂತ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸಲ್ಲ.

ಆಮೇಲೆ ಬೀದಿಯವರ ಕಸುಬುಗಳು ಒಂದೊಂದಾಗಿ ಹೊರಗೆ ಬಂದವು. ಮೂರನೇ ಮನೆಯಲ್ಲಿ ಅಡುಗೆ ಮಾಡುವವರಿಗೆ ಮುತ್ತುಗದ ಎಲೆ ಹಚ್ಚೋಕೆ ಬರುತ್ತಿತ್ತು. ಇಸ್ತ್ರಿ ಅಂಗಡಿಯ ಅಣ್ಣ ತೆಂಗಿನ ಗರಿಯಲ್ಲಿ ಗಿಣಿ, ವಾಚು, ಪೀಪಿ ಮಾಡಿ ಮಕ್ಕಳಿಗೆಲ್ಲ ಹುಚ್ಚು ಹಿಡಿಸಿದರು. ಹೂ ಮಾರುವ ಅಕ್ಕ ಬಾಳೆಪಟ್ಟೆಯಿಂದ ನಾರು ಬಿಡಿಸಿ ಹೂ ಕಟ್ಟೋದು ಕಲಿಸಿದರು. ಒಂದು ತುಪ್ಪದ ಹೀರೆ ಬಳ್ಳಿಯ ಕಾಯಿಗಳನ್ನು ಕೊಯ್ಯದೆ ಬಿಟ್ಟು, ಕಂದು ಬಣ್ಣಕ್ಕೆ ತಿರುಗಿ ಹಗುರಾದ ಮೇಲೆ ಸಿಪ್ಪೆ ಸುಲಿದು ಬೀಜ ಉದುರಿಸಿದೆವು. ಬೀದಿಯ ಎಲ್ಲ ಮನೆಗೂ ಮೈ ಉಜ್ಜೋ ನಾರು ಸಿಕ್ಕಿತು.

ಅವ್ವನ ಊರು ಮಹದೇಶ್ವರ ಬೆಟ್ಟಕ್ಕೆ ಹತ್ತಿರ. ಲಂಟಾನದ ಬುಟ್ಟಿಯ ಮಾತು ಅವರಿಂದಲೇ ಬಂತು. ಲಂಟಾನ ನಮ್ಮ ನಾಡಿನದಲ್ಲ. ಬ್ರಿಟಿಷರು ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಅಂದಕ್ಕೆ ಅಂತ ತಂದ ಹೂವಿನ ಗಿಡ. ಈಗ ಕಾಡಿನ ಹುಲ್ಲು, ಸಸಿ ಎಲ್ಲವನ್ನೂ ಮುಚ್ಚಿಕೊಂಡು ಹಬ್ಬಿದೆ. ಬೆಟ್ಟದ ಸೋಲಿಗರು ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಅದರ ಕಡ್ಡಿಯನ್ನೇ ಬೇಯಿಸಿ, ತೊಗಟೆ ಸುಲಿದು, ಬಿದಿರಿನ ಬದಲು ಬುಟ್ಟಿ, ಕುರ್ಚಿ ಮಾಡುತ್ತಿದ್ದಾರೆ. 2024ರಲ್ಲಿ ಲಾಲ್‌ಬಾಗಿನಲ್ಲಿ ಲಂಟಾನದ ಕಡ್ಡಿಯಿಂದ ಕಟ್ಟಿದ ಆನೆಗಳ ಹಿಂಡನ್ನೇ ನಿಲ್ಲಿಸಿದ್ದರು, ನಿಜವಾದ ಆನೆಯಷ್ಟೇ ಎತ್ತರ. ನಾವೂ ಬೇಲಿಯ ಲಂಟಾನ ಕಡಿದು, ಬೇಯಿಸಿ ಪ್ರಯತ್ನ ಮಾಡಿದೆವು. ನಮ್ಮ ಬುಟ್ಟಿಗಳು ಒಂದು ಕಡೆ ವಾಲಿದವು. ಈರುಳ್ಳಿ ಹಾಕೋಕೆ ಸಾಕು.

ದಸರಾ ನಮಗೆ ಬಣ್ಣದ ಕಾಲ. ಆಯುಧಪೂಜೆಯ ಮಾರನೇ ದಿನ ಮೈಸೂರಿನ ಬೀದಿಗಳಲ್ಲಿ ಬಾಡಿದ ಚೆಂಡುಹೂವಿನ ರಾಶಿ ನೋಡಿದ್ದೀರಲ್ವಾ? ಬೈಕಿಂದ, ಕಾರಿಂದ, ಅಂಗಡಿ ಬಾಗಿಲಿಂದ ತೆಗೆದದ್ದು. ನಾವು ಎಂಟು ಚೀಲ ತಂದೆವು. ಹತ್ತಿ ಬಟ್ಟೆಗೆ ಬಣ್ಣ ನೇರವಾಗಿ ಹಿಡಿಯಲ್ಲ. ಮೊದಲು ಅಳಲೆಕಾಯಿ ಪುಡಿಯ ನೀರಲ್ಲಿ ಒಂದು ರಾತ್ರಿ ನೆನೆಸಬೇಕು, ಆಮೇಲೆ ಪಟಿಕದ ನೀರಲ್ಲಿ ಅದ್ದಬೇಕು. ಹೂವಿನ ದಳ ಕುದಿಸಿ ಸೋಸಿದ ನೀರಲ್ಲಿ ಬಟ್ಟೆ ಹಾಕಿ ಸಣ್ಣ ಉರಿಯಲ್ಲಿ ಇಟ್ಟರೆ ಗಟ್ಟಿ ಹಳದಿ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಲ್ಲಿ ಕೊಳೆಹಾಕಿ ಇಟ್ಟ ಕಷಾಯ ನಾಲ್ಕು ಚಮಚ ಬಿಟ್ಟಾಗ ಅದೇ ಹಳದಿ ಕಣ್ಣೆದುರಿಗೇ ಹಸಿರು ಮಿಶ್ರಿತ ಕಂದಾಯಿತು. ಸುತ್ತ ನಿಂತವರೆಲ್ಲ ಒಟ್ಟಿಗೆ "ಅಬ್ಬಾ" ಅಂದರು. ಆ ಬಟ್ಟೆಗಳೇ ನಮ್ಮ ತರಕಾರಿ ಚೀಲಗಳಾದವು.

ಮಣ್ಣಿನ ಕೆಲಸವೂ ಜೊತೆಗೇ ನಡೆಯಿತು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಜೀವಾಮೃತ ಅನ್ನುವ ದ್ರವ ಗೊಬ್ಬರದ ಲೆಕ್ಕ ಇನ್ನೂರು ಲೀಟರ್ ನೀರಿಗೆ: ಹತ್ತು ಕೆಜಿ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ನಾವು ಅದನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ, ನೆರಳಲ್ಲಿಟ್ಟು, ದಿನಾ ಕೋಲಿನಿಂದ ತಿರುಗಿಸಿ, ಎರಡು ದಿನದ ಮೇಲೆ ಬುಡಕ್ಕೆ ಹಾಕಿದೆವು. ಬಸಳೆ, ದಂಟು, ಚಕ್ರಮುನಿ, ಈರನಗೆರೆ ಬದನೆ ಬಂದವು. ಪಡುವಲ ಮಾತ್ರ ಹೇಳತೀರದಷ್ಟು.

ಪಡುವಲಕಾಯಿ ನೆಟ್ಟಗೆ ಬೆಳೆಯಬೇಕಾದರೆ ಎಳೆಯದರಲ್ಲೇ ತುದಿಗೆ ಒಂದು ಸಣ್ಣ ಕಲ್ಲು ಕಟ್ಟಬೇಕು. ಇಲ್ಲದಿದ್ದರೆ ಹಾವಿನ ಹಾಗೆ ಸುತ್ತಿಕೊಳ್ಳುತ್ತದೆ. ಕಲ್ಲು ಕಟ್ಟೋಕೆ ನಾವು ಬಳಸಿದ್ದು ನಮ್ಮದೇ ಅಪ್ಸೆಣಬಿನ ಹುರಿ. ಆ ಕಲ್ಲುಗಳೂ ಆ ಸೈಟಿನವೇ, ಹಳೇ ಗಾರೆಯ ಚೂರುಗಳು. ಒಂದು ಸಂಜೆ ಚಪ್ಪರದ ಕೆಳಗೆ ನಿಂತು ಎಣಿಸಿದೆ. ಮೂವತ್ತೊಂದು ಕಲ್ಲು ತೂಗುತ್ತಿದ್ದವು. ಮೇಲೆ ಜೂಲುಜೂಲಾದ ಬಿಳಿ ಹೂಗಳು ಆಗಷ್ಟೇ ಬಿಚ್ಚಿಕೊಳ್ಳುತ್ತಿದ್ದವು. ಅವು ಅರಳೋದು ಕತ್ತಲಾದ ಮೇಲೆ, ಪತಂಗಗಳಿಗೆ.

ದುಡ್ಡಿನ ವಿಷಯಕ್ಕೆ ಒಮ್ಮೆ ಜಗಳವೇ ಆಯಿತು. ಕಾರ್ಯಾಗಾರಕ್ಕೆ ತಲೆಗೆ 100 ರೂಪಾಯಿ ಇಡೋಣ, ಪೂರ್ತಿ ಕಲಿಸಿದವರಿಗೇ ಕೊಡೋಣ ಅಂತ ನಾನು ಹೇಳಿದಾಗ, "ನಮ್ಮ ಬೀದಿಯವರೇ ತಾನೇ, ಪ್ರೀತಿಗೆ ಹೇಳಿಕೊಡಲಿ ಬಿಡಿ, ಒಂದು ಸೀರೆ ಕೊಟ್ಟರಾಯ್ತು" ಅಂತ ಕೆಲವರು ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಕಿಟ್ ತಂದವರಿಗೆ 600 ಕೊಡುವಾಗ ಯಾರೂ ಪ್ರೀತಿಯ ಮಾತು ಎತ್ತಿರಲಿಲ್ಲ. ಅವ್ವ ಒಂದು ಭಾನುವಾರ ನಮ್ಮ ಜೊತೆ ಕೂತರೆ ಅವರ ಒಂದು ದಿನದ ಗಾರೆ ಕೆಲಸ ತಪ್ಪುತ್ತದೆ. ಮೂರು ಸಭೆ ಆದ ಮೇಲೆ ಎಲ್ಲರೂ ಒಪ್ಪಿದರು. ಮೊದಲ ಸಲ ಲಕೋಟೆ ಕೊಟ್ಟಾಗ ಅವ್ವ ಅದನ್ನು ಸೆರಗಿಗೆ ಕಟ್ಟಿಕೊಂಡು ಏನೂ ಮಾತಾಡದೆ ಶೆಡ್‌ಗೆ ಹೋದರು. ಸ್ವಲ್ಪ ಹೊತ್ತಿಗೆ ವಾಪಸ್ ಬಂದು, "ಮುಂದಿನ್ ವಾರ ನುಲಿ ಹಗ್ಗ ಅಲ್ಲ, ಜಡೆ ಹಗ್ಗ ಏಳ್ಕೊಡ್ತೀನಿ" ಅಂದರು.

ಬೇರೆ ಕಡೆಯೂ ಇಂಥವು ಶುರುವಾದದ್ದು ಹೀಗೇ ಅಂತ ಓದಿದಾಗ ಧೈರ್ಯ ಬರುತ್ತದೆ. ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಅನ್ನುವ ಕಲಾವಿದೆ ಗೆಳೆಯರ ಜೊತೆ ಸೇರಿ ಕಸ ತುಂಬಿದ ಒಂದು ಖಾಲಿ ಜಾಗ ಹಸನು ಮಾಡಿ ತೋಟ ಮಾಡಿದರು. ಅದು ಇವತ್ತಿಗೂ ಇದೆ. ನಮ್ಮ ಬೆಂಗಳೂರಿನಲ್ಲಿ ಡಾ. ಬಿ.ಎನ್. ವಿಶ್ವನಾಥ್ ಅವರು ತಾರಸಿ ತೋಟದ ಹುಚ್ಚು ಹಿಡಿಸಿದ ಮನೆಗಳು ಎಷ್ಟೋ. ನಮ್ಮದು ಅಷ್ಟು ದೊಡ್ಡದಲ್ಲ. ಆದರೂ ನಮಗೆ ಅದು ದೊಡ್ಡದೇ.

ಕಳೆದ ವರ್ಷ ಅಪಾರ್ಟ್‌ಮೆಂಟ್ ಮುಗಿಯಿತು. ಕಟ್ಟಡ ಮುಗಿದರೆ ಶೆಡ್ ಕೀಳುತ್ತಾರೆ, ವಾಚ್‌ಮನ್ ಸಂಸಾರ ಮುಂದಿನ ಕಟ್ಟಡಕ್ಕೆ ಹೋಗುತ್ತದೆ. ಅದು ನನಗೆ ಗೊತ್ತಿದ್ದ ವಿಷಯವೇ. ಆದರೂ ಒಂದು ಶನಿವಾರ ಲಗೇಜ್ ಆಟೊ ಬಂದು ನಿಂತಾಗ ನಾನು ತಯಾರಿರಲಿಲ್ಲ. ಎರಡು ಟ್ರಂಕು, ಒಂದು ಗ್ಯಾಸ್ ಸ್ಟೌವು, ಒಂದು ಮಂಚ. ಮಂಚ ಕಟ್ಟಿದ್ದು ನಮ್ಮ ಹಗ್ಗದಲ್ಲೇ. ರಿಂಗ್ ರಸ್ತೆಯ ಆಚೆ ಹೊಸ ಬಡಾವಣೆ ಅಂದರು. ಎರಡು ಬಸ್ ಬದಲಿಸಬೇಕು. ಭಾನುವಾರಗಳಲ್ಲಿ ಈಗ ಅವ್ವ ಬರೋಕಾಗಲ್ಲ. ಹಗ್ಗ ಹೇಳಿಕೊಡೋದು ಇಸ್ತ್ರಿ ಅಂಗಡಿಯ ಅಣ್ಣನ ಮಗಳು. ಅವಳು ಚೆನ್ನಾಗಿಯೇ ಹೇಳುತ್ತಾಳೆ. ಆದರೂ ನಾನು ಗೋಡೆಯಾಚೆ ಒಮ್ಮೆ ನೋಡಿಯೇ ನೋಡುತ್ತೇನೆ.

ಮೊನ್ನೆ ರಾತ್ರಿ ಅವ್ವನ ಫೋನ್ ಬಂತು. ಮಗನ ಮೊಬೈಲ್‌ನಿಂದ. ನನ್ನ ಮಂಡಿ ಹೇಗಿದೆ, ಪಡುವಲ ಬಂತಾ ಎಲ್ಲ ಕೇಳಿದ ಮೇಲೆ ದನಿ ತಗ್ಗಿಸಿ, "ಕಣವ್ವ, ಇಲ್ಲೂ ಪಕ್ದಲ್ ಒಂದು ಸೈಟು ಕಾಲಿ ಬಿದ್ದದೆ. ಇಲ್ಲಿನ್ ಎಂಗುಸ್ರೂ ಒಂದ್ ನಾಕ್ ಜನ ಆಯ್ತದೆ ಅಂತವ್ರೆ. ಆ ಬೀಜ ಮಡ್ಗಿದ್ದೀಯಾ?" ಅಂದರು.

ಇಟ್ಟಿದ್ದೇನೆ. ಡಬ್ಬಿಯಲ್ಲಿ, ಬೇವಿನೆಲೆ ಹಾಕಿ. ಒಂದು ಪಾವು ಸಾಕು ಅಂದಿದ್ದಾರೆ. ಚೆಂಡುಹೂವಿನ ಬಣ್ಣದ ಚೀಲವೊಂದರಲ್ಲಿ ಎರಡು ಪಾವು ಅಳೆದು ಬಾಯಿ ಕಟ್ಟಿದ್ದೇನೆ. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ನಾನೇ ಹೋಗುತ್ತೇನೆ.